ಪಾರ್ಕಿಂಗ್ ಉಸ್ತುವಾರಿ ವ್ಯಾಲೆಂಟೈನ್ ಮತ್ತು ನ್ಯೂಟ್ರಲ್ ಗೇರು

ವ್ಯಾಲೆಂಟೈನ್ ಪಿಂಟೊ ಅವರ ಲೆಕ್ಕದಲ್ಲಿ ಅರಬ್ ದೇಶದಲ್ಲಿ ಗಾಡಿ ಓಡಿಸುವವರದ್ದು ಎರಡೇ ಜಾತಿ. ಗೇರ್ ಲೈಸೆನ್ಸ್ ಇದ್ದವರು ಡ್ರೈವರ್‌ಗಳು. ಆಟೊಮ್ಯಾಟಿಕ್ ಲೈಸೆನ್ಸ್ ಇದ್ದವರು ಸ್ಟೇರಿಂಗ್ ಹಿಡಿದ ಪ್ಯಾಸೆಂಜರ್‌ಗಳು. ಇಲ್ಲಿ ಕ್ಲಚ್ ಇಲ್ಲದ ಗಾಡಿಯಲ್ಲಿ ಪರೀಕ್ಷೆ ಕೊಟ್ಟವರ ಲೈಸೆನ್ಸಿನಲ್ಲಿ ಹಾಗೆಂದೇ ಬರೆದಿರುತ್ತದೆ, ಅವರು ಕ್ಲಚ್ ಇರುವ ಗಾಡಿಯನ್ನು ಮುಟ್ಟುವಂತಿಲ್ಲ. ಯಾರಾದರೂ ಹೊಸದಾಗಿ ಲೈಸೆನ್ಸ್ ಪಡೆದು ಸ್ವೀಟ್ ಹಂಚಲು ಬಂದರೆ ವ್ಯಾಲೆಂಟೈನ್ ಮೊದಲು ಆ ಕಾರ್ಡನ್ನು ಕೇಳಿ ಪಡೆದು, ಕನ್ನಡಕ ಹಣೆಗೇರಿಸಿ ಓದಿ, "ಓ, ಆಟೊಮ್ಯಾಟಿಕ್ಕಾ" ಎಂದು ಹಿಂದಕ್ಕೆ ಕೊಡುತ್ತಿದ್ದರು. ಆಮೇಲೆಯೇ ಸ್ವೀಟಿಗೆ ಕೈ ಹಾಕುವುದು. ಸ್ವೀಟನ್ನು ಮಾತ್ರ ಯಾವ ಜಾತಿಯವರು ಕೊಟ್ಟರೂ ತಿನ್ನುತ್ತಿದ್ದರು.

ಶಿರ್ವದ ಕಡೆಯವರು. ಹುಡುಗನಾಗಿದ್ದಾಗ ಸೋದರಮಾವನ ಜೀಪನ್ನು ಆಗುಂಬೆ ಘಾಟಿಯಲ್ಲಿ ಇಳಿಸಿದ್ದು ಅವರ ಬಾಳಿನ ಪರಮ ಸಾಧನೆ. ಆ ಕಥೆಯಲ್ಲಿ ಪ್ರತಿ ಸಲ ಹೇಳುವಾಗ ಒಂದು ತಿರುವು ಜಾಸ್ತಿಯಾಗುತ್ತಿತ್ತು. ಅಬುಧಾಬಿಗೆ ಬಂದ ಮೇಲೆ ಅವರು ಮಾಡಿದ್ದು ಎಸಿ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ಖಾಲಿದಿಯಾದ ಹಳೆ ಕಟ್ಟಡದಲ್ಲಿ ಸಂಸಾರ, ಕೆಳಗೆ ಒಂದು ಹಳೆಯ ಗೇರ್ ಕಾರು. ಆಫೀಸಿನಲ್ಲಿ ಅವರ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ಡೆಲ್ಫಿನ್ ಇದ್ದರು, ಅವರು ಕೇಳಿ ಕೇಳಿ ಒಂದು ಕಿವಿಯನ್ನು ಅದಕ್ಕೆಂದೇ ಬಿಟ್ಟುಕೊಟ್ಟಿದ್ದರು. ಅವರೊಮ್ಮೆ ಡ್ರೈವಿಂಗ್ ಶಾಲೆಗೆ ಸೇರುವ ಮಾತೆತ್ತಿದಾಗ, "ಗೇರ್ ಕಲೀತಿಯಾದ್ರೆ ಹೋಗು, ಆಟೊಮ್ಯಾಟಿಕ್ ಕಲಿಯುದಾದ್ರೆ ಮನೆಯಲ್ಲೇ ಮಿಕ್ಸಿ ತಿರುಗ್ಸು" ಎಂದು ವ್ಯಾಲೆಂಟೈನ್ ಹೇಳಿದ್ದರು. ಡೆಲ್ಫಿನ್ ಹೋಗಲಿಲ್ಲ. ಆದರೆ ಆ ಮಾತನ್ನು ಮರೆಯಲೂ ಇಲ್ಲ.

ಇಂಥ ಮನುಷ್ಯನಿಗೆ ಕೊಂಕಣಿ ಸಂಘದವರು ಪಾರ್ಕಿಂಗ್ ಉಸ್ತುವಾರಿ ವಹಿಸಿದ್ದು ಅವರದೇ ತಪ್ಪು. ಬೇರೆ ಯಾರೂ ಬಿಸಿಲಲ್ಲಿ ನಿಲ್ಲಲು ಒಪ್ಪಿರಲಿಲ್ಲ ಎನ್ನುವುದು ನಿಜವಾದ ಕಾರಣ. ಆದರೆ ಹಳದಿ ಮಿಂಚುವ ಜಾಕೆಟ್ಟು, ಕೊರಳಲ್ಲಿ ವಿಷಲ್ಲು ಬಂದದ್ದೇ ತಡ, ವ್ಯಾಲೆಂಟೈನ್‌ಗೆ ತಲೆಯ ಮೇಲೆ ಎರಡು ಕೊಂಬು ಮೂಡಿದವು. ಕಾರ್ಯಕ್ರಮಕ್ಕೆ ಡಾಕ್ಟರ್ ಬರಲಿ, ಬ್ಯಾಂಕಿನ ಮ್ಯಾನೇಜರ್ ಬರಲಿ, ಗೇಟಿನಲ್ಲಿ ಅವರು ಕೈ ತೋರಿಸಿದ ಕಡೆಗೇ ತಿರುಗಬೇಕು. ತಿರುಗುವಾಗ ಹಿಂದೆಮುಂದೆ ಮಾಡಿದರೆ, "ಬಿಡಿ, ಬಿಡಿ, ಆಟೊಮ್ಯಾಟಿಕ್ ಅಲ್ವಾ" ಎಂದು ಸುತ್ತಲಿನ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುವುದು.

ಜಾಗ ಕಡಿಮೆ ಇರುವಲ್ಲಿ ಇಲ್ಲಿನ ಜನರಿಗೆ ಒಂದು ರೂಢಿಯುಂಟು. ಸಾಲಾಗಿ ನಿಂತ ಗಾಡಿಗಳ ಹಿಂದೆ ಅಡ್ಡಲಾಗಿ ಇನ್ನೊಂದು ಸಾಲು ನಿಲ್ಲಿಸುತ್ತಾರೆ. ಹಿಂದಿನವರು ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗುತ್ತಾರೆ. ಮುಂದಿನವರಿಗೆ ಹೊರಡಬೇಕಾದಾಗ ಆ ಗಾಡಿಯನ್ನು ಕೈಯಿಂದ ನಾಲ್ಕಡಿ ತಳ್ಳಿ ದಾರಿ ಮಾಡಿಕೊಳ್ಳುವುದು. ಸಪಾಟು ನೆಲದಲ್ಲಿ ಗೇರ್ ಗಾಡಿಗೆ ಇದು ನಡೆದೀತು. ಆಟೊಮ್ಯಾಟಿಕ್ ಗಾಡಿ ಪಾರ್ಕಿನಲ್ಲಿ ಇಡದ ಹೊರತು ಕೀ ಬಿಡುವುದಿಲ್ಲ. ಪಾರ್ಕಿಗೆ ಹಾಕಿದ ಮೇಲೆ ಗೇರಿಗೆ ಬೀಗ ಬಿದ್ದು ಚಕ್ರ ಕದಲುವುದಿಲ್ಲ. ಬೇರೆಯವರು ಇದನ್ನು ನೋಡಿ, ಸರಿ ಹಾಗಾದರೆ, ಈ ಗಾಡಿ ಅಡ್ಡ ನಿಲ್ಲಿಸುವುದು ಬೇಡ ಎನ್ನುತ್ತಿದ್ದರು. ವ್ಯಾಲೆಂಟೈನ್ ಇದಕ್ಕೂ ಮದ್ದು ಕಂಡುಹಿಡಿದಿದ್ದರು. ಗೇರ್ ಹಿಡಿಯ ಪಕ್ಕ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ಮೀಟಿ, ಒಳಗೆ ಕೀಯ ತುದಿ ಒತ್ತಿ ಹಿಡಿದರೆ ಬೀಗ ಬಿಡುತ್ತದೆ, ಎಂಜಿನ್ ಆಫ್ ಆಗಿದ್ದರೂ ಗೇರು ನ್ಯೂಟ್ರಲ್‌ಗೆ ಜಾರುತ್ತದೆ. ಕೆಟ್ಟು ನಿಂತ ಗಾಡಿಯನ್ನು ಎಳೆದೊಯ್ಯಲೆಂದು ಕಂಪನಿಯವರು ಇಟ್ಟ ಕಿಂಡಿ ಅದು. ವ್ಯಾಲೆಂಟೈನ್ ಅದನ್ನು ತಾವೇ ಕೊರೆದವರ ಹಾಗೆ ಎಲ್ಲರಿಗೂ ತೋರಿಸುತ್ತಿದ್ದರು.

ಆ ವರ್ಷ ಮೊಂತಿ ಹಬ್ಬವನ್ನು, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ ದಿನದ ತೆನೆ ಹಬ್ಬವನ್ನು, ಸಂಘದವರು ದುಬೈಯ ಮಿರ್ದಿಫ್‌ನಲ್ಲಿ ಶಾಲೆಯೊಂದರ ಹಾಲ್ ಹಿಡಿದು ಮಾಡಿದರು. ಊರಿಂದ ವಿಮಾನದಲ್ಲಿ ಹೊಸ ತೆನೆ ಬಂದಿತ್ತು, ಬಾಳೆ ಎಲೆ ಬಂದಿತ್ತು, ಮೀನು ಮಾಂಸವಿಲ್ಲದ ಊಟ. ಅಬುಧಾಬಿಯಿಂದಲೂ ಜನ ಬಂದದ್ದರಿಂದ ಅಂಗಳ ಬೇಗ ತುಂಬಿತು. ಮಳೆ ಬಂದರೆ ನೀರು ಹರಿದು ಹೋಗಲೆಂದು ಆ ಅಂಗಳವನ್ನು ಗೇಟಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಕಟ್ಟಿದ್ದರು. ಕಣ್ಣಿದ್ದವರಿಗೆ ಅದು ಕಾಣುತ್ತಿತ್ತು.

ತಡವಾಗಿ ಬಂದವರಲ್ಲಿ ಸುಸನ್ ಒಬ್ಬಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳ ಕಂಪನಿಯೊಂದಕ್ಕೆ ಅಬುಧಾಬಿಯಲ್ಲಿ ಆಗಷ್ಟೇ ಸೇರಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಾಡಿ ಓಡಿಸಿಕೊಂಡು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದ ಕೆಲಸ. ಅದಕ್ಕೆಂದೇ ಲೈಸೆನ್ಸ್ ಮಾಡಿಸಿ, ಹಳೆಯದೊಂದು ಆಟೊಮ್ಯಾಟಿಕ್ ಕಾರು ಕೊಂಡಿದ್ದಳು. ಕಂಪನಿಯಲ್ಲಿ ಅವಳ ಮೇಲಿನವರು ತೋಮಸ್, ಅದೇ ಸಂಘದವರು, ವ್ಯಾಲೆಂಟೈನ್‌ರ ಹಳೆ ದೋಸ್ತಿ. ಅವಳನ್ನು ಕಾಯಂ ಮಾಡುವುದೋ ಬಿಡುವುದೋ ಅವರ ಕೈಯಲ್ಲಿತ್ತು.

ವ್ಯಾಲೆಂಟೈನ್ ವಿಷಲ್ ಊದಿ ಅವಳಿಗೆ ಅಡ್ಡ ಸಾಲು ತೋರಿಸಿದರು. ಸುಸನ್ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ ಹಾಗೆಯೇ ಮಾಡಿದಳು. ಗಾಡಿ ಪೂರ್ತಿ ನಿಲ್ಲುವ ತನಕ ಬ್ರೇಕ್ ಒತ್ತಿ ಹಿಡಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ಪಾರ್ಕಿಗೆ ಹಾಕಿದಳು, ಆಮೇಲೆ ಎಂಜಿನ್ ನಿಲ್ಲಿಸಿ ಕೀ ತೆಗೆದಳು. ಇದನ್ನೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ವ್ಯಾಲೆಂಟೈನ್‌ಗೆ ನಗು ತಡೆಯಲಾಗಲಿಲ್ಲ.

"ಎಂತ ಮಾರಾಯ್ತಿ, ವಿಮಾನ ನಿಲ್ಲಿಸಿದ ಹಾಗೆ ನಿಲ್ಲಿಸ್ತಿ. ನ್ಯೂಟ್ರಲ್ ಹಾಕು. ಇಲ್ಲಾಂದ್ರೆ ಎದುರಿನವರು ಹೋಗುದು ಹೇಗೆ?"

"ಅಂಕಲ್, ಇದು ಆಟೊಮ್ಯಾಟಿಕ್. ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿಬಾರ್ದು ಅಂತ ಹೇಳಿ ಕೊಟ್ಟಿದ್ದಾರೆ. ನಾನು ಹೊರಗೆ ರೋಡಲ್ಲೇ ಎಲ್ಲಾದ್ರೂ ನಿಲ್ಲಿಸ್ತೇನೆ."

"ಹೇಳಿಕೊಟ್ಟವನು ಘಾಟಿ ಇಳಿದಿದ್ದಾನಾ ಕೇಳು. ಕೊಡು ಇಲ್ಲಿ ಕೀ."

ಅವಳ ಕೈಯಿಂದ ಕೀ ತೆಗೆದುಕೊಂಡರು. ಬಾಗಿಲು ತೆರೆಸಿ, ಅರ್ಧ ಮೈ ಒಳಗೆ ತೂರಿಸಿ, ಮುಚ್ಚಳ ಮೀಟಿ, ತುದಿ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ಎಳೆದರು. ಹ್ಯಾಂಡ್‌ಬ್ರೇಕನ್ನೂ ಕೆಳಗಿಳಿಸಿದರು. ಗಾಡಿ ಕದಲಲಿಲ್ಲ. ಹಿಂದಿನ ಚಕ್ರ ಇಂಟರ್‌ಲಾಕ್ ಕಲ್ಲಿನ ಒಂದು ಸಣ್ಣ ತಗ್ಗಿನಲ್ಲಿ ಕೂತಿತ್ತು.

"ನೋಡಿದ್ಯಾ? ಇಷ್ಟೇ. ಇದಕ್ಕೆ ಶಾಲೆಗೆ ಹೋಗ್ಬೇಕಾ?"

"ಇಲ್ಲಿ ಸ್ವಲ್ಪ ಇಳಿಜಾರು ಉಂಟಲ್ವಾ ಅಂಕಲ್?"

"ನನ್ನ ಕಣ್ಣಿಗೆ ಕಾಣದ್ದು ನಿನಗೆ ಕಂಡಿತಾ? ಹೋಗು, ಪಾಯಸ ಮುಗೀತದೆ."

ಸುಸನ್ ಹೋದಳು. ಹಿರಿಯರು, ಜಾಕೆಟ್ ಹಾಕಿದವರು, ಅದೂ ಬಾಸ್‌ನ ಸ್ನೇಹಿತರು. ಹೊಸಬಳು ಇನ್ನೆಷ್ಟು ವಾದ ಮಾಡಿಯಾಳು? ಆದರೂ ಮೆಟ್ಟಿಲು ಹತ್ತುವ ತನಕ ತಿರುಗಿ ತಿರುಗಿ ನೋಡುತ್ತಿದ್ದಳು.

ಊಟ ಅರ್ಧವಾಗಿರುವಾಗ ಹೋಟೆಲ್ ಕೆಲಸದ ಲಾಯ್ಡ್ ಎಂಬವನಿಗೆ ಡ್ಯೂಟಿಗೆ ಹೊರಡುವ ಹೊತ್ತಾಯಿತು. ಅವನ ಗಾಡಿಗೆ ಅಡ್ಡವಾಗಿದ್ದದ್ದು ಸುಸನ್‌ಳ ಕಾರು. ರೂಢಿಯ ಪ್ರಕಾರ ಕೈ ಕೊಟ್ಟು ತಳ್ಳಿದ. ಚಕ್ರ ಆ ತಗ್ಗಿನಿಂದ ಎದ್ದು ಬಂತು, ಆಮೇಲೆ ಅವನ ಕೈಗೆ ಸಿಗಲಿಲ್ಲ. ಒಳಗೆ ಬ್ರೇಕ್ ಒತ್ತಲು ಯಾರೂ ಇಲ್ಲದ ಗಾಡಿ ಗೇಟಿನ ಕಡೆಗೆ ಹೊರಟಿತು. ಗೇಟಿನಲ್ಲಿ ತೋಮಸ್ ಐಸ್ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಗಾಡಿ ಬರುವುದು ಕಂಡು ಪಕ್ಕಕ್ಕೆ ಹಾರುವ ಬದಲು ಎರಡೂ ಕೈ ಚಾಚಿ ತಡೆಯಲು ಹೋದರು. ಬಂಪರಿಗೂ ಸಿಮೆಂಟಿನ ಹೂಕುಂಡಕ್ಕೂ ನಡುವೆ ಅವರ ಕಾಲು ಸಿಕ್ಕಿ ಮೂಳೆ ಮುರಿಯಿತು.

ಆಂಬುಲೆನ್ಸ್ ಬಂತು, ಹಿಂದೆಯೇ ಪೊಲೀಸರು ಬಂದರು. ಎಲೆಯ ಮುಂದೆ ಕೂತವರು ಕೈ ತೊಳೆಯದೆ ಓಡಿ ಬಂದಿದ್ದರು. ವ್ಯಾಲೆಂಟೈನ್ ಮಾಡಿದ ಮೊದಲ ಕೆಲಸವೆಂದರೆ ಜಾಕೆಟ್ ಕಳಚಿ, ನೀಟಾಗಿ ಮಡಚಿ, ತಮ್ಮ ಗಾಡಿಯ ಡಿಕ್ಕಿಯಲ್ಲಿಟ್ಟದ್ದು. ದೋಸ್ತಿ ನೆಲದಲ್ಲಿ ನರಳುತ್ತಿದ್ದಾಗ ಬಟ್ಟೆ ಮಡಚುವಷ್ಟು ಸಮಾಧಾನ ಅವರಿಗಿತ್ತು.

"ಗಾಡಿ ಯಾರದು?" ಪೊಲೀಸ್ ಅಧಿಕಾರಿ ಹಿಂದಿಯಲ್ಲಿ ಕೇಳಿದ.

"ನನ್ನದು" ಎಂದಳು ಸುಸನ್.

"ನ್ಯೂಟ್ರಲ್‌ನಲ್ಲಿ ಬಿಟ್ಟು ಹೋದದ್ದು ನೀನೇನಾ?"

ಸುಸನ್ ವ್ಯಾಲೆಂಟೈನ್ ಕಡೆ ನೋಡಿದಳು. ವ್ಯಾಲೆಂಟೈನ್ ಐಸ್ ಪೆಟ್ಟಿಗೆಯ ಕಡೆ ನೋಡಿದರು. ಘಾಟಿಯ ಕಥೆ ಹೇಳುವಾಗ ನೀರಿನಂತೆ ಹರಿಯುತ್ತಿದ್ದ ನಾಲಿಗೆ ಆಗ ಹೊರಳಲಿಲ್ಲ. ಒಂದೇ ಒಂದು ಮಾತು ಸಾಕಿತ್ತು. ಆ ಹುಡುಗಿ ತಮ್ಮತ್ತಲೇ ನೋಡುತ್ತಿರುವುದು ಅವರಿಗೆ ಕಾಣುತ್ತಿತ್ತು. ಕಂಡೂ ಅವರು ಮನಸ್ಸಿನೊಳಗೇ ಅಂದುಕೊಂಡರು, ಗಾಡಿ ಅವಳದ್ದು, ಲೈಸೆನ್ಸ್ ಅವಳದ್ದು, ನಾನು ಹೇಳಿದೆ ಅಂತ ಅವಳು ಯಾಕೆ ಕೇಳಬೇಕಿತ್ತು? ನಾಚಿಕೆಗೆಟ್ಟ ಯೋಚನೆ. ಆದರೆ ಅದು ಅವರಿಗೆ ಬಹಳ ನ್ಯಾಯವಾಗಿ ತೋರಿತು.

"ಹೌದು, ನಾನೇ ಬಿಟ್ಟು ಹೋದದ್ದು" ಎಂದಳು ಸುಸನ್. ಬಾಸ್‌ನ ಸ್ನೇಹಿತರ ಕಡೆ ಪೊಲೀಸರ ಮುಂದೆ ಬೆರಳು ತೋರಿಸುವ ಧೈರ್ಯ ಕೆಲಸ ಕಾಯಂ ಆಗದವಳಿಗೆ ಇರಲಿಲ್ಲ.

ಅಬುಧಾಬಿಗೆ ವಾಪಸ್ ಹೋಗುವ ದಾರಿಯುದ್ದಕ್ಕೂ ವ್ಯಾಲೆಂಟೈನ್ ಡೆಲ್ಫಿನ್‌ಗೆ ವಿವರಿಸಿದರು. ಮುಚ್ಚಳ ಹೇಗೆ ಮೀಟಿದೆ, ಕೀ ಎಲ್ಲಿ ಒತ್ತಿದೆ, ಬೀಗ ಹೇಗೆ ಟಕ್ಕೆಂದು ಬಿಟ್ಟಿತು. ತಮ್ಮ ಕೆಲಸದಲ್ಲಿ ಲೋಪವಿಲ್ಲ, ನೆಲ ಸರಿಯಿಲ್ಲ, ಲಾಯ್ಡ್‌ಗೆ ತಳ್ಳಲು ಬರುವುದಿಲ್ಲ, ತೋಮಸ್‌ಗೆ ಹಾರಲು ಬರುವುದಿಲ್ಲ ಎಂಬುದು ಒಟ್ಟು ತಾತ್ಪರ್ಯ. ಡೆಲ್ಫಿನ್ ಈ ಸಲ ಎರಡೂ ಕಿವಿಯಿಂದ ಕೇಳಿದರು.

"ಹಾಗಾದ್ರೆ ನ್ಯೂಟ್ರಲ್ ಹಾಕಿದ್ದು ನೀವು" ಎಂದರು.

"ನಾನು ತೋರಿಸಿ ಕೊಟ್ಟದ್ದು."

"ಕೀ ಯಾರ ಕೈಯಲ್ಲಿತ್ತು?"

ವ್ಯಾಲೆಂಟೈನ್ ರೇಡಿಯೊ ಹಾಕಿದರು.

ಸುಸನ್‌ಳನ್ನು ಕಂಪನಿ ಡ್ಯೂಟಿಯಿಂದ ಇಳಿಸಿತು. ಪೊಲೀಸರು ದಂಡ ಹಾಕಿ ಬಿಟ್ಟರೂ ತೋಮಸ್ ಆಸ್ಪತ್ರೆಯ ಮಂಚದಿಂದಲೇ ಆಫೀಸಿಗೆ ಹೇಳಿದ್ದರು, ತಾನು ವಾಪಸ್ ಬಂದು ನೋಡುವ ತನಕ ಅವಳಿಗೆ ರೋಗಿಗಳನ್ನು ಕೊಡಬೇಡಿ ಎಂದು. ಸುಸನ್ ಅವರಿಗೆ ಫೋನ್ ಮಾಡಿ, ವ್ಯಾಲೆಂಟೈನ್ ಅಂಕಲ್ ತಾವೇ ಕೀ ತೆಗೆದುಕೊಂಡು ಗೇರ್ ಬದಲಿಸಿದರೆಂದು ಹೇಳಿದಳು. ಪೊಲೀಸರ ಮುಂದೆ ನಾನೇ ಎಂದವಳು ಈಗ ಹೀಗೆ ಹೇಳಿದರೆ ಯಾರು ನಂಬುತ್ತಾರೆ? ತೋಮಸ್ ಇಷ್ಟೇ ಅಂದರು, "ವ್ಯಾಲಿಯ ಹತ್ರ ಕೇಳ್ತೇನೆ. ಅವನು ಹೌದು ಅಂದ್ರೆ ಹೌದು."

ಇದನ್ನು ಸುಸನ್ ಡೆಲ್ಫಿನ್‌ಗೆ ತಿಳಿಸಿದಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. "ಆಂಟಿ, ಅಂಕಲ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರೆ ಸಾಕು. ಈ ಕೆಲಸ ಹೋದ್ರೆ ನನಗೆ ವೀಸಾ ಇಲ್ಲ" ಎಂದಳು. ಡೆಲ್ಫಿನ್ ಅದನ್ನು ಗಂಡನ ಮುಂದೆ ಹಾಗೆಯೇ ಇಟ್ಟರು.

ವ್ಯಾಲೆಂಟೈನ್ ಒಂದು ರಾತ್ರಿಯಿಡೀ ನಿದ್ದೆಗೆಟ್ಟು ಯೋಚಿಸಿ ಸುಲಭದ ದಾರಿ ಹುಡುಕಿದರು. ಇಸ್ತ್ರಿ ಶರ್ಟು ಹಾಕಿ ದುಬೈಗೆ ಹೋಗಿ ಪೊಲೀಸ್ ಠಾಣೆಯ ಕೌಂಟರಿನಲ್ಲಿ ನಿಂತರು. ಅಲ್ಲಿ ಪರಿಚಯದವರು ಯಾರೂ ಇರುವುದಿಲ್ಲ. ದೊಡ್ಡ ತ್ಯಾಗಕ್ಕೆ ಸಿದ್ಧರಾದವರ ಮುಖ ಮಾಡಿಕೊಂಡು, ಕಿಂಡಿಗೆ ಕೀ ಒತ್ತಿ ಗೇರು ಬದಲಿಸಿದ್ದು ತಾವೆಂದು ಅರ್ಧ ಇಂಗ್ಲಿಷ್ ಅರ್ಧ ಹಿಂದಿಯಲ್ಲಿ ಹೇಳಿದರು. ಕೌಂಟರಿನವ ಕಂಪ್ಯೂಟರ್ ನೋಡಿದ.

"ಗಾಡಿ ನಿಮ್ಮದಾ?"

"ಅಲ್ಲ."

"ಓಡಿಸಿದ್ದು ನೀವಾ?"

"ಅಲ್ಲ. ನಾನು ಪಾರ್ಕಿಂಗ್ ಇನ್‌ಚಾರ್ಜ್."

"ಶಾಲೆಯ ಸೆಕ್ಯುರಿಟಿಯಾ?"

"ಅಲ್ಲ. ಸಂಘದ್ದು."

"ಗಾಡಿಯನ್ನು ಹೇಗೆ ನಿಲ್ಲಿಸಿ ಇಳಿಯಬೇಕು ಅನ್ನುವುದು ಲೈಸೆನ್ಸ್ ಇದ್ದವರ ಜವಾಬ್ದಾರಿ. ದಾರಿಯಲ್ಲಿ ಹೋಗುವವರು ಹೇಳಿದರೆಂದು ಬದಲಿಸುವಂತಿಲ್ಲ. ಕೇಸು ಮುಗಿದಿದೆ, ಖಲಾಸ್. ಆ ಕಿಂಡಿಯ ತಂಟೆಗೆ ಇನ್ನು ಹೋಗಬೇಡಿ" ಎಂದು ಅವನು ಹಿಂದಿದ್ದವರನ್ನು ಕರೆದ.

ದಾರಿಯಲ್ಲಿ ಹೋಗುವವರು ಎಂಬ ಮಾತು ವ್ಯಾಲೆಂಟೈನ್‌ಗೆ ಚುಚ್ಚಿತು. ಸುಸನ್‌ಳ ಅನ್ನ ಹೋಗುತ್ತಿರುವುದಕ್ಕಿಂತ ಹೆಚ್ಚು ಚುಚ್ಚಿತು. ಆದರೆ ಅಬುಧಾಬಿ ತಲುಪುವಷ್ಟರಲ್ಲಿ ಅದನ್ನೂ ಲಾಭಕ್ಕೆ ತಿರುಗಿಸಿಕೊಂಡಿದ್ದರು.

"ಪೊಲೀಸರಿಗೇ ಹೇಳಿ ಬಂದೆ. ಅವರೇ ಬೇಡ ಅಂದ್ರು. ಇನ್ನು ನಾನು ಎಂತ ಮಾಡ್ಲಿಕ್ಕಾಗ್ತದೆ?" ಎಂದು ಚಪ್ಪಲಿ ಬಿಡುತ್ತಾ ಹೇಳಿದರು.

"ತೋಮಸನಿಗೆ ಹೇಳ್ಲಿಕ್ಕಾಗ್ತದೆ" ಎಂದರು ಡೆಲ್ಫಿನ್.

"ನೋಡುವ."

ಊರ ಕಡೆ 'ನೋಡುವ' ಎಂದರೆ ಮಾಡುವುದಿಲ್ಲ ಎಂದೇ ಅರ್ಥ. ಡೆಲ್ಫಿನ್‌ಗೆ ಅದು ಹೊಸದಲ್ಲ. ಪೊಲೀಸಿನ ಮುಂದೆ ಬಾಯಿ ಬಿಟ್ಟವರಿಗೆ ಸ್ನೇಹಿತನ ಮುಂದೆ ಯಾಕೆ ಆಗುವುದಿಲ್ಲ ಎಂದೂ ಅವರಿಗೆ ಗೊತ್ತಿತ್ತು. ತೋಮಸ್‌ಗೆ ಹೇಳಿದರೆ ಸಂಘಕ್ಕೆ ಹೇಳಿದ ಹಾಗೆ. ಸಂಘಕ್ಕೆ ಹೇಳಿದರೆ ಜಾಕೆಟ್ ಹೋಯಿತು, ವಿಷಲ್ ಹೋಯಿತು. ಮಿರ್ದಿಫಿನಿಂದ ಖಾಲಿದಿಯಾದ ತನಕ ಇರುವ ಆಟೊಮ್ಯಾಟಿಕ್‌ನವರೆಲ್ಲ ಬಾಯಿ ಮುಚ್ಚಿ ನಗುತ್ತಾರೆ. ಒಬ್ಬ ಹುಡುಗಿಯ ಬದುಕು ಒಂದು ಕಡೆ, ಒಂದು ಹಳದಿ ಜಾಕೆಟ್ ಇನ್ನೊಂದು ಕಡೆ. ಇದರಲ್ಲಿ ಯಾವುದು ಭಾರ ಎಂದು ತೂಗಿ ನೋಡಲು ಈ ಮನುಷ್ಯನಿಗೆ ಸಮಯ ಬೇಕು. ಡೆಲ್ಫಿನ್‌ಗೆ ತನ್ನ ಗಂಡನ ಬಗ್ಗೆ ಅಸಹ್ಯವೆನಿಸಿತು. ಇಷ್ಟು ವರ್ಷದಲ್ಲಿ ಬೇಸರ ಬಂದದ್ದುಂಟು, ಸಿಟ್ಟು ಬಂದದ್ದುಂಟು, ಅಸಹ್ಯ ಇದೇ ಮೊದಲು.

ತೋಮಸ್ ಮನೆಗೆ ಬಂದ ವಾರ ಇಬ್ಬರೂ ನೋಡಲು ಹೋದರು. ಹಿಡಿದುಕೊಂಡು ಹೋದದ್ದು ಕಿತ್ತಳೆ, ಖರ್ಜೂರ. ತೋಮಸ್ ಪ್ಲಾಸ್ಟರ್ ಹಾಕಿದ ಕಾಲನ್ನು ಟೀಪಾಯಿಯ ಮೇಲಿಟ್ಟು ಕೂತಿದ್ದರು. ವ್ಯಾಲೆಂಟೈನ್ ಹಳೆ ಸುದ್ದಿ, ಊರಿನ ಸುದ್ದಿ, ಹವೆಯ ಸುದ್ದಿ ಎಲ್ಲ ಎತ್ತಿದರು. ಪಾರ್ಕಿಂಗ್ ಒಂದನ್ನು ಬಿಟ್ಟು ಜಗತ್ತಿನ ಎಲ್ಲದರ ಬಗ್ಗೆ ಮಾತಾಡಿದರು. ಕೊನೆಗೆ ತೋಮಸ್ ತಾವೇ ಕೇಳಿದರು.

"ವ್ಯಾಲಿ, ಆ ಹುಡುಗಿ ಒಂದು ಮಾತು ಹೇಳ್ತಾಳೆ. ನೀನು ನ್ಯೂಟ್ರಲ್ ಹಾಕಿದ್ದು ಅಂತ. ನಾಳೆ ನಾನು ಅವಳದ್ದು ತೀರ್ಮಾನ ಮಾಡ್ಬೇಕು. ನಿನ್ನ ಹತ್ರ ಕೇಳ್ತೇನೆ ಅಂತ ಮಾತ್ರ ಅವಳಿಗೆ ಹೇಳಿದ್ದೆ. ಹೇಗೆ ಆದದ್ದು?"

ವ್ಯಾಲೆಂಟೈನ್ ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದರು.

"ನಾನು ಯಾಕೆ ಹಾಕ್ಲಿ? ಹ್ಯಾಂಡ್‌ಬ್ರೇಕ್ ಎಳಿ ಅಂತ ಹೇಳಿದ್ದೆ. ಕೇಳ್ಬೇಕಲ್ಲ. ಆಟೊಮ್ಯಾಟಿಕ್ ಅಲ್ವಾ" ಎಂದು ಹಲ್ಲು ಗಿಂಜಿದರು.

ತೋಮಸ್ ತಲೆಯಾಡಿಸಿದರು. "ಹಾಗಾದ್ರೆ ಕಷ್ಟ. ಹೇಳಿದ್ದು ಕೇಳದವಳ ಕೈಗೆ ಪೇಶೆಂಟ್ ಕೊಡುದು ಹೇಗೆ?"

"ಇವರು ಸುಳ್ಳು ಹೇಳುದು, ತೋಮಸ್" ಎಂದರು ಡೆಲ್ಫಿನ್.

ಅವರ ದನಿ ಏರಿರಲಿಲ್ಲ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ತೋಮಸ್‌ರ ಹೆಂಡತಿ ಅಲ್ಲೇ ನಿಂತರು.

"ಅವಳು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸರಿಯಾಗಿಯೇ ನಿಲ್ಲಿಸಿದ್ದು. ಇವರು ಕೀ ಎಳಕೊಂಡು, ಗೇರಿನ ಪಕ್ಕದ ಮುಚ್ಚಳ ಮೀಟಿ, ಕಿಂಡಿಗೆ ಕೀ ಒತ್ತಿ ಲಾಕ್ ತೆಗ್ದು ನ್ಯೂಟ್ರಲ್‌ಗೆ ತಂದ್ರು. ಹ್ಯಾಂಡ್‌ಬ್ರೇಕ್ ಬಿಟ್ಟದ್ದೂ ಇವರೇ."

ವ್ಯಾಲೆಂಟೈನ್‌ಗೆ ಯಾವತ್ತೂ ಕೈಕೊಡದ ಆಯುಧ ನೆನಪಾಯಿತು. ಜೋರಾಗಿ ನಕ್ಕರು.

"ಇವಳ ಮಾತು ಎಂತ ಕೇಳ್ತಿ ಮಾರಾಯ. ಇವಳಿಗೆ ಗಾಡಿಯ ಗಂಧಗಾಳಿ ಉಂಟಾ? ಆವತ್ತು ಹಾಲ್‌ನಿಂದ ಹೊರಗೇ ಬರ್ಲಿಲ್ಲ ಇವಳು. ಆಟೊಮ್ಯಾಟಿಕ್ ಲೈಸೆನ್ಸ್ ಕೂಡ ಇಲ್ಲ. ಗೇರ್ ಯಾವುದು, ಗ್ಲವ್ ಬಾಕ್ಸ್ ಯಾವುದು ಗೊತ್ತಿಲ್ಲದವಳು."

ತೋಮಸ್ ನಗಲಿಲ್ಲ. ಡೆಲ್ಫಿನ್ ಮುಖ ನೋಡಿದರು, ವ್ಯಾಲೆಂಟೈನ್ ಮುಖ ನೋಡಿದರು. ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಟೀಪಾಯಿಯಿಂದ ಕೆಳಗಿಳಿಸಿ ನೇರವಾಗಿ ಕೂತರು.

"ಗಾಡಿಯ ಗಂಧಗಾಳಿ ಇಲ್ಲದವಳಿಗೆ, ಹೊರಗೇ ಬರದವಳಿಗೆ, ಆ ಕಿಂಡಿಯ ವಿಷಯ ಯಾರು ಹೇಳಿದ್ದು ವ್ಯಾಲಿ?"

ವ್ಯಾಲೆಂಟೈನ್ ಕೈಯಲ್ಲಿದ್ದ ಕಿತ್ತಳೆಯನ್ನು ಸುಲಿಯುತ್ತಲೇ ಇದ್ದರು, ಸಿಪ್ಪೆ ಮುಗಿದು ತೊಳೆ ಹರಿದು ರಸ ಪ್ಯಾಂಟಿನ ಮೇಲೆ ಸುರಿಯುತ್ತಿದ್ದುದು ಅವರಿಗೆ ತಿಳಿಯಲಿಲ್ಲ. ತೋಮಸ್ ಅಡುಗೆಮನೆಯ ಕಡೆ ತಿರುಗಿ, ತನ್ನ ಫೋನ್ ತಂದು ಕೊಡಲು ಹೆಂಡತಿಗೆ ಹೇಳಿದರು. ಸುಸನ್ ಮೊದಲನೇ ರಿಂಗಿಗೇ ಎತ್ತಿದಳು.